ರಾಡ್ ಗಟ್ಟಿಯೇ ಇತ್ತು, ಎಲುಬು ಕೈಬಿಟ್ಟಿತು

ಅತ್ತೆಯ ದೊಡ್ಡ ಮಗ ಎಕ್ಸ್‌ರೇ ಫಿಲಂ ಹಿಡಿದು ಕಿಟಕಿಯ ಬೆಳಕಿಗೆ ನಿಂತಿದ್ದ. ತೊಡೆಯ ಎಲುಬಿನೊಳಗೆ ಉದ್ದಕ್ಕೆ ಒಂದು ರಾಡ್. ಅದರಿಂದ ಓರೆಯಾಗಿ ಮೇಲಕ್ಕೆ ಹೋದ ಎರಡು ಸ್ಕ್ರೂ. ಅದರಲ್ಲಿ ಒಂದರ ತುದಿ, ಟೊಂಕದ ಕೀಲಿನಲ್ಲಿ ಕೂರುವ ಎಲುಬಿನ ಗುಂಡನ್ನು ಕೊರೆದುಕೊಂಡು ಆಚೆ ಬಂದಿತ್ತು. ಮೂರು ತಿಂಗಳ ಹಿಂದಿನ ಫಿಲಂನಲ್ಲಿ ಅದೇ ಸ್ಕ್ರೂ ಗುಂಡಿನ ಒಳಗೇ ಇತ್ತು.

"ರಾಡ್ ಡೂಪ್ಲಿಕೇಟ್ ಇತ್ತಂತ ಕಾಣ್ತದ ನೋಡು," ಅಂದ. ಮನೆಯವರೆಲ್ಲ ಹೌದೆಂದು ತಲೆ ಆಡಿಸಿದರು. ಕಲಬುರಗಿಯಲ್ಲಿ ಇಂಥ ಹೊತ್ತಿಗೆ ಮುಂದಿನ ಮಾತು ಸೊಲ್ಲಾಪುರವೋ ಹೈದರಾಬಾದೋ ಅನ್ನೋದೇ. ಅಲ್ಲಿ ಯಾವ ಕಂಪನಿ ರಾಡ್ ಹಾಕ್ತಾರೆ, ಎಷ್ಟು ಖರ್ಚು ಅಂತ ಫೋನ್ ಮೇಲೆ ಫೋನ್ ಶುರುವಾಯಿತು.

ನಾನು ಆ ಫಿಲಂ ಅನ್ನು ಮತ್ತೆ ಮತ್ತೆ ನೋಡಿದೆ. ರಾಡ್ ಬಾಗಿರಲಿಲ್ಲ. ಸ್ಕ್ರೂ ಮುರಿದಿರಲಿಲ್ಲ. ಲೋಹ ಹಾಕಿದ ಹಾಗೇ ಇತ್ತು. ಎಲುಬೇ ಕರಗಿದ ಬೆಲ್ಲದ ಹಾಗೆ ಸ್ಕ್ರೂವಿನ ಸುತ್ತ ದಾರಿ ಬಿಟ್ಟುಕೊಟ್ಟಿತ್ತು. ಎರಡನೇ ಡಾಕ್ಟರ್ ಕೂಡ ಅದನ್ನೇ ಹೇಳಿದರು: "ಸ್ಕ್ರೂದ್ದು ಏನೂ ತಪ್ಪಿಲ್ರಿ. ಹಿಡಕೊಳ್ಳಾಕ ಅಲ್ಲಿ ಎಲುಬೇ ಇಲ್ಲ."

ಅತ್ತೆಗೆ 71. ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಸೋಪಿನ ನೀರಿಗೆ ಕಾಲು ಜಾರಿ, ನಿಂತಲ್ಲೇ ಕುಸಿದು ಬಿದ್ದಿದ್ದರು. ಗಾಡಿ ಗುದ್ದಿಲ್ಲ, ಮಾಳಿಗೆಯಿಂದ ಬಿದ್ದಿಲ್ಲ. ಮೂವತ್ತರ ಹುಡುಗನಾಗಿದ್ದರೆ ಎದ್ದು ಬಟ್ಟೆ ಕೊಡವಿಕೊಂಡು ಹೋಗುತ್ತಿದ್ದ. ಇಂಥ ಸಣ್ಣ ಬೀಳುವಿಕೆಗೆ ಟೊಂಕದ ಹತ್ತಿರ ಎಲುಬು ಮುರಿಯಿತು ಅಂದರೆ ಅದೇ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗದ ಗುರುತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ (ಹರೆಯದವರ ಗಟ್ಟಿ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್ ಅಂತ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಆದರೆ ಟೊಂಕ ಹೀಗೆ ಮುರಿದ ಮೇಲೆ ಆ ಸಂಖ್ಯೆಗೆ ಕಾಯಬೇಕಿಲ್ಲ. ಔಷಧಿ ಶುರು ಮಾಡಲು ಮುರಿದದ್ದೇ ಸಾಕು.

ಎಲುಬಿನ ಒಳಗೆ ಏನಾಗಿರುತ್ತದೆ ಅಂತ ನೋಡಬೇಕಾದರೆ ಚಹಾಕ್ಕೆ ಅದ್ದಿ ತಿನ್ನುವ ಟೋಸ್ಟ್ ಮುರಿದು ನೋಡಿ. ಹೊರಗೆ ತೆಳು ಸಿಪ್ಪೆ, ಒಳಗೆ ತೂತು ತೂತಿನ ಜಾಲ. ಎಲುಬೂ ಹಾಗೇ. ಹೊರಗಿನ ಚಿಪ್ಪು ಗಟ್ಟಿ, ತುದಿಗಳಲ್ಲಿ ಒಳಗೆಲ್ಲ ಸಣ್ಣ ಸಣ್ಣ ಕಂಬ ತೊಲೆಗಳ ಜಾಲ. ಹಳೆ ಎಲುಬನ್ನು ಕೆರೆದು ತೆಗೆಯುವ ಜೀವಕೋಶ, ಹೊಸ ಎಲುಬು ಕಟ್ಟುವ ಜೀವಕೋಶ, ಎರಡೂ ಜೀವನವಿಡೀ ಕೆಲಸ ಮಾಡುತ್ತಲೇ ಇರುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೆರೆಯುವವರ ಕೈ ಮೇಲಾಗುತ್ತದೆ. ಕಂಬಗಳು ತೆಳುವಾಗುತ್ತವೆ, ಆಮೇಲೆ ಅಲ್ಲಲ್ಲಿ ಕಡಿದೇ ಹೋಗುತ್ತವೆ. ಇದು ಲೆಕ್ಕಕ್ಕೆ ಲೆಕ್ಕ ಇಳಿಯುವುದಿಲ್ಲ ಅನ್ನುವುದೇ ಕಷ್ಟ. ಕಾರ್ಟರ್ ಮತ್ತು ಹೇಯ್ಸ್ ಎಂಬ ಇಬ್ಬರು 1977ರಲ್ಲಿ ತೋರಿಸಿದ ಪ್ರಕಾರ ಎಲುಬು ತಾಳುವ ಬಲ ಹೆಚ್ಚುಕಮ್ಮಿ ಸಾಂದ್ರತೆಯ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ. ಅಂದರೆ ಸಾಂದ್ರತೆ ಅರ್ಧಕ್ಕೆ ಬಂದರೆ ಬಲ ಸುಮಾರು ಕಾಲು ಪಾಲಿಗೆ ಬರುತ್ತದೆ.

ಈಗ ಅಂಥ ಎಲುಬಿಗೆ ಸ್ಕ್ರೂ ಹಾಕಬೇಕು. ಗೆದ್ದಲು ತಿಂದ ಹಳೆ ಚೌಕಟ್ಟಿಗೆ ಬಡಗಿ ಸ್ಕ್ರೂ ತಿರುಗಿಸುವುದನ್ನು ನೋಡಿದ್ದೀರಲ್ವಾ? ತಿರುಗುತ್ತದೆ, ತಿರುಗುತ್ತದೆ, ಬಿಗಿಯಾಗುವುದಿಲ್ಲ, ಸುಮ್ನೆ ಸುತ್ತುತ್ತದೆ. ಹಳೆಯ ಪ್ಲೇಟುಗಳು ನಿಂತಿದ್ದದ್ದೇ ಆ ಬಿಗಿಯ ಮೇಲೆ. ಸ್ಕ್ರೂ ಎಲುಬನ್ನು ಕಚ್ಚಿ ಪ್ಲೇಟನ್ನು ಎಲುಬಿಗೆ ಒತ್ತಬೇಕು. ಆ ಒತ್ತಡದಿಂದ ಬರುವ ತಿಕ್ಕಾಟವೇ ಮುರಿದ ತುಂಡುಗಳನ್ನು ಅಲುಗಾಡದ ಹಾಗೆ ಇಡಬೇಕು. ಟೊಳ್ಳು ಎಲುಬಿನಲ್ಲಿ ಕಚ್ಚೇ ಇಲ್ಲ, ಹಾಗಾಗಿ ಒತ್ತಡವೂ ಇಲ್ಲ. ಒಂದು ಸ್ಕ್ರೂ ಸಡಿಲಾಯಿತು ಅಂದರೆ ಅದರ ಭಾರ ಪಕ್ಕದ್ದಕ್ಕೆ. ಅದೂ ಸಡಿಲಾಗುತ್ತದೆ. ಒಂದೊಂದಾಗಿ ಎಲ್ಲ ಎದ್ದು ಬರುತ್ತವೆ.

2000ದ ಆಸುಪಾಸಿನಲ್ಲಿ ಬಂದ ಲಾಕಿಂಗ್ ಪ್ಲೇಟ್ ಈ ಲೆಕ್ಕವನ್ನೇ ಬದಲಾಯಿಸಿತು. ಅದರಲ್ಲಿ ಸ್ಕ್ರೂವಿನ ತಲೆಗೂ ಎಳೆ (ಥ್ರೆಡ್) ಇರುತ್ತದೆ, ಪ್ಲೇಟಿನ ತೂತಿಗೂ ಎಳೆ ಇರುತ್ತದೆ. ಸ್ಕ್ರೂ ಪ್ಲೇಟಿಗೇ ಬಿಗಿದುಕೊಳ್ಳುತ್ತದೆ. ಎಲುಬಿಗೆ ಒತ್ತಿ ಹಿಡಿಯುವ ಅಗತ್ಯ ಇಲ್ಲ. ಎಲ್ಲ ಸ್ಕ್ರೂ ಮತ್ತು ಪ್ಲೇಟ್ ಸೇರಿ ಒಂದೇ ಚೌಕಟ್ಟು. ಒಂದೊಂದಾಗಿ ಏಳುವ ಹಾಗಿಲ್ಲ, ಎದ್ದರೆ ಎಲ್ಲ ಒಟ್ಟಿಗೇ ಏಳಬೇಕು. ಮುಂಗೈ, ಭುಜ, ಮೊಣಕಾಲಿನ ಹತ್ತಿರದ ಮುರಿತಗಳಲ್ಲಿ ಇದರಿಂದ ನಿಜಕ್ಕೂ ಲಾಭ ಆಗಿದೆ. ಹಾಗಂತ ಮಾಯದ ಕಡ್ಡಿಯೇನಲ್ಲ. ಸ್ಕ್ರೂ ತಾನು ಹಿಂದಕ್ಕೆ ಬರದಿದ್ದರೆ, ಮೆತ್ತನೆ ಎಲುಬೇ ಅದರ ಮೇಲೆ ಕುಸಿಯಬಹುದು. ಭುಜದಲ್ಲಿ ಹೀಗಾಗಿ ಸ್ಕ್ರೂ ತುದಿ ಕೀಲಿನೊಳಗೆ ಇಣುಕುವುದು ಡಾಕ್ಟರುಗಳಿಗೆ ಹೊಸದಲ್ಲ.

ಟೊಂಕದ ವಿಷಯ ಇನ್ನೂ ಸೂಕ್ಷ್ಮ. ಒಂದು ಹೆಜ್ಜೆ ಇಟ್ಟರೆ ಮೈಭಾರದ ಎರಡು ಮೂರು ಪಟ್ಟು ಆ ಗುಂಡಿನ ಮೇಲೆ ಬೀಳುತ್ತದೆ. ಅಲ್ಲಿಗೆ ಈಗ ಕೆಲವರು ಸ್ಕ್ರೂ ಬದಲು ಸುರುಳಿ ಆಕಾರದ ಬ್ಲೇಡ್ ಹಾಕುತ್ತಾರೆ. ಡ್ರಿಲ್ ಮಾಡಿ ಎಲುಬನ್ನು ತೆಗೆದುಹಾಕುವ ಬದಲು ಬ್ಲೇಡನ್ನು ಬಡಿದು ಒಳಗೆ ಕಳಿಸುತ್ತಾರೆ. ಇರುವ ಚೂರುಪಾರು ಎಲುಬು ಅದರ ಸುತ್ತ ಒತ್ತಾಗಿ ಕೂರಲಿ ಅನ್ನುವುದು ಉದ್ದೇಶ. ಎರೆ ಮಣ್ಣಲ್ಲಿ ಗೂಟ ಬಡಿದು, ಸುತ್ತ ಮಣ್ಣು ತುಳಿದು ಗಟ್ಟಿ ಮಾಡಿದ ಹಾಗೆ.

ಆದರೆ ನಾನು ಓದಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬ್ಲೇಡೂ ಅಲ್ಲ, ಕಂಪನಿಯೂ ಅಲ್ಲ, ಒಂದು ಅಳತೆ. ಅಮೆರಿಕದ ಬಾಮ್‌ಗಾರ್ಟ್‌ನರ್ ಎಂಬ ಡಾಕ್ಟರ್ ಮತ್ತು ಜೊತೆಗಾರರು 1995ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಸ್ಕ್ರೂ ತುದಿ ಗುಂಡಿನ ನೆತ್ತಿಯಿಂದ ಎಷ್ಟು ದೂರ, ಪಕ್ಕದಿಂದ ತೆಗೆದದ್ದರಲ್ಲಿ ಎಷ್ಟು ದೂರ, ಎರಡನ್ನೂ ಕೂಡಿಸಿ. ಮೊತ್ತ 25 ಮಿಲಿಮೀಟರ್ ಒಳಗೆ ಇದ್ದವರಲ್ಲಿ ಅವರಿಗೆ ಸ್ಕ್ರೂ ಕೊರೆದು ಬಂದ ಒಂದು ಉದಾಹರಣೆಯೂ ಸಿಗಲಿಲ್ಲ. ಜಾಸ್ತಿ ಆದಂತೆ ಅಪಾಯವೂ ಏರಿತು. ಅಂದರೆ ಗುಂಡಿನ ನಡುವೆ, ಆಳಕ್ಕೆ ಸ್ಕ್ರೂ ಕೂತಿದೆಯಾ ಅನ್ನುವುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಇದಕ್ಕೆ ಹೊಸ ಲೋಹ ಬೇಕಾಗಿಲ್ಲ. ಆಪರೇಷನ್ ಟೇಬಲ್ ಮೇಲೆ ಇನ್ನೊಂದು ಸಲ ಎಕ್ಸ್‌ರೇ ನೋಡುವ ತಾಳ್ಮೆ ಇದ್ದರೆ ಸಾಕು. ಅತ್ತೆಯ ಮೊದಲ ಫಿಲಂ ಅನ್ನು ಸ್ಕೇಲ್ ಹಿಡಿದು ಅಳೆಯಲು ಹೋದೆ. ಫಿಲಂನಲ್ಲಿ ಎಲ್ಲ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ, ಹಾಗಾಗಿ ನನ್ನ ಅಳತೆಗೆ ಬೆಲೆ ಇಲ್ಲ. ಆದರೆ ಸ್ಕ್ರೂ ನಡುವಿಗಿಂತ ಮೇಲಕ್ಕೆ ಇದ್ದದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಇನ್ನು ಸಿಮೆಂಟ್ ಕಥೆ. ನಮ್ಮದು ಸಿಮೆಂಟಿನ ಸೀಮೆ. ವಾಡಿ, ಸೇಡಂ, ಶಹಾಬಾದ್ ಕಡೆಯ ಸುಣ್ಣಕಲ್ಲು ಸುಟ್ಟು ದೇಶಕ್ಕೆಲ್ಲ ಕಳಿಸುತ್ತೇವೆ. ಹಾಗಾಗಿ ಡಾಕ್ಟರ್ "ಸಿಮೆಂಟ್ ಹಾಕ್ತೀವಿ" ಅಂದಾಗ ಮನೆಯವರ ಮುಖ ನೋಡಬೇಕಿತ್ತು. ಅದು ಆ ಸಿಮೆಂಟ್ ಅಲ್ಲ. ಅದು ಅಕ್ರಿಲಿಕ್, ಗಾಜಿನ ಬದಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಜಾತಿಯದ್ದು. ಪುಡಿ ಮತ್ತು ದ್ರವ ಕಲಸಿದರೆ ಹಿಟ್ಟಿನಂತಾಗಿ, ಕಾಲು ಗಂಟೆಯೊಳಗೆ ಬಿಸಿಯಾಗಿ ಕಲ್ಲಾಗುತ್ತದೆ. ಮೊದಲೇ ಹಲ್ಲಿನ ಡಾಕ್ಟರುಗಳ ಬಳಿ ಇದ್ದ ಈ ವಸ್ತುವನ್ನು 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಟೊಂಕದ ಕೃತಕ ಕೀಲಿಗೆ ತಂದರು. ಇದು ಅಂಟು ಅಲ್ಲ ಅನ್ನುವುದನ್ನು ಮರೆಯಬಾರದು. ಕಲ್ಲಿನ ಗೋಡೆಯ ಸಂದಿಗೆ ಗಾರೆ ತುಂಬಿದ ಹಾಗೆ, ಎಲುಬಿನ ತೂತುಗಳಿಗೆ ನುಗ್ಗಿ ಗಟ್ಟಿಯಾಗಿ, ಲೋಹಕ್ಕೂ ಎಲುಬಿಗೂ ನಡುವಿನ ಖಾಲಿ ಜಾಗವನ್ನು ತುಂಬುತ್ತದೆ, ಅಷ್ಟೇ.

ಟೊಳ್ಳು ಎಲುಬಿಗೆ ಅದೇ ಬೇಕಾದದ್ದು. ಬಡಗಿ ಸಡಿಲಾದ ತೂತಿಗೆ ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಮತ್ತೆ ಸ್ಕ್ರೂ ಹಾಕುತ್ತಾನಲ್ಲ, ಆಪರೇಷನ್ ಥಿಯೇಟರಿನಲ್ಲೂ ಅದೇ ಉಪಾಯ. ಬೆನ್ನೆಲುಬಿಗೆ ಹಾಕುವ ಕೆಲವು ಸ್ಕ್ರೂಗಳು ಒಳಗೆ ಪೊಳ್ಳು, ಪಕ್ಕದಲ್ಲಿ ಸಣ್ಣ ತೂತು. ಹಾಕಿದ ಮೇಲೆ ಅದರೊಳಗಿಂದ ಕೆಲವೇ ಮಿಲಿಲೀಟರ್ ಸಿಮೆಂಟ್ ತೂರಿಸಿದರೆ ತುದಿಯ ಸುತ್ತ ಗಡ್ಡೆ ಕಟ್ಟಿಕೊಳ್ಳುತ್ತದೆ. ಟೊಂಕದ ಬ್ಲೇಡಿಗೂ ಹೀಗೆ ಮಾಡುವುದುಂಟು. ಅಪಾಯವೂ ಇದೆ. ಬೆನ್ನೆಲುಬಿನಿಂದ ಸಿಮೆಂಟ್ ಸೋರಿ ನರದ ಹತ್ತಿರ ಹೋಗಬಹುದು, ರಕ್ತನಾಳ ಹಿಡಿದು ಶ್ವಾಸಕೋಶ ಸೇರಬಹುದು. ಕೀಲು ಕೂರಿಸುವಾಗ ಸಿಮೆಂಟ್ ಒತ್ತಿದ ಗಳಿಗೆಯಲ್ಲಿ ವಯಸ್ಸಾದವರ ರಕ್ತದೊತ್ತಡ ಧಡಕ್ಕನೆ ಇಳಿಯುವುದೂ ಉಂಟು. ಅರಿವಳಿಕೆ ಡಾಕ್ಟರ್ ಆ ಹೊತ್ತಿಗೆ ಕಣ್ಣು ಮಿಟುಕಿಸದೆ ಕೂತಿರುತ್ತಾರೆ.

ಈ ಭಯದಿಂದಲೇ ಸಿಮೆಂಟ್ ಇಲ್ಲದೆ, ಬಡಿದು ಬಿಗಿ ಮಾಡುವ ಕೀಲುಗಳ ಕಡೆ ಕೆಲವರು ವಾಲಿದ್ದರು. ಯಾವುದು ಮೇಲು ಅನ್ನುವ ವಾದಕ್ಕೆ ಬ್ರಿಟನ್ನಿನ ಒಂದು ದೊಡ್ಡ ಪ್ರಯೋಗ 2022ರಲ್ಲಿ ಉತ್ತರ ಕೊಟ್ಟಿತು. 60 ದಾಟಿದ, ಟೊಂಕ ಮುರಿದ 1,225 ಜನರಲ್ಲಿ ಅರ್ಧ ಜನಕ್ಕೆ ಸಿಮೆಂಟಿನ ಅರ್ಧ ಕೀಲು (ಗುಂಡನ್ನು ಮಾತ್ರ ಬದಲಿಸುವಂಥದ್ದು), ಇನ್ನರ್ಧಕ್ಕೆ ಸಿಮೆಂಟ್ ಇಲ್ಲದ್ದು. ಕೀಲಿನ ಸುತ್ತ ಎಲುಬು ಮತ್ತೆ ಮುರಿದದ್ದು ಸಿಮೆಂಟ್ ಗುಂಪಿನಲ್ಲಿ 0.5%, ಇನ್ನೊಂದರಲ್ಲಿ 2.1%. ಬದುಕಿನ ಗುಣಮಟ್ಟವೂ ಸಿಮೆಂಟ್ ಗುಂಪಿನಲ್ಲಿ ಸ್ವಲ್ಪ ಮೇಲಿತ್ತು. ಹೊಸದು ಅಂದರೆ ಒಳ್ಳೆಯದು ಅಂತ ನಂಬುವವರು ಇದನ್ನು ಎರಡು ಸಲ ಓದಬೇಕು. ಟೊಳ್ಳು ಎಲುಬಿಗೆ ಅರವತ್ತು ವರ್ಷ ಹಳೆಯ ಉಪಾಯವೇ ಗೆದ್ದಿತು.

ಹಾಗಾದರೆ ಎಲುಬು ತಾನಾಗಿಯೇ ಲೋಹವನ್ನು ಹಿಡಿದುಕೊಳ್ಳುವುದಿಲ್ಲವೇ? ಹಿಡಿಯುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೊನೆಮಾರ್ಕ್ ಮೊಲದ ಕಾಲೆಲುಬಿನೊಳಗೆ ಟೈಟಾನಿಯಂನ ಪುಟ್ಟ ಸಾಧನ ಇಟ್ಟು ರಕ್ತ ಸಂಚಾರ ನೋಡುತ್ತಿದ್ದರು. ಕೊನೆಗೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಅದೇ ಗುಣ ಬಳಸಿ ಒಬ್ಬ ರೋಗಿಯ ದವಡೆಗೆ ಹಲ್ಲಿನ ಸ್ಕ್ರೂ ಹಾಕಿದರು. ಅಲ್ಲಿಂದ ಈಚೆಗೆ ನಡೆದ ಕೆಲಸವೆಲ್ಲ ಈ ಬೆಸುಗೆಯನ್ನು ಬೇಗ, ಬಿಗಿಯಾಗಿ ತರುವುದರ ಸುತ್ತಲೇ. ನುಣುಪು ಗೋಡೆಗೆ ಗಾರೆ ಹಿಡಿಯಲ್ಲ ಅಂತ ಗೌಂಡಿ ಮೊದಲು ಕಚ್ಚು ಹೊಡೆಯುತ್ತಾನೆ. ಹಾಗೇ ಲೋಹದ ಮೈ ಒರಟು ಮಾಡುತ್ತಾರೆ. ಎಲುಬಿನ ಖನಿಜವೇ ಆದ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಲೇಪಿಸುತ್ತಾರೆ. ಮೂರು ಆಯಾಮದ ಪ್ರಿಂಟಿಂಗ್‌ನಲ್ಲಿ ಟೈಟಾನಿಯಂ ಅನ್ನೇ ಸ್ಪಂಜಿನ ಹಾಗೆ ತೂತು ತೂತಾಗಿ ಮಾಡಿ, ಎಲುಬು ಒಳಗೇ ಬೆಳೆಯಲು ಬಿಡುತ್ತಾರೆ. ಇದರಿಂದ ಇನ್ನೊಂದು ಉಪಯೋಗ. ಗಟ್ಟಿ ಟೈಟಾನಿಯಂ ಎಲುಬಿನ ಚಿಪ್ಪಿಗಿಂತ ಐದಾರು ಪಟ್ಟು ಬಿರುಸು, ಸ್ಟೀಲ್ ಹತ್ತು ಪಟ್ಟು. ಭಾರವೆಲ್ಲ ಲೋಹವೇ ಹೊತ್ತರೆ ಕೆಲಸ ಇಲ್ಲದ ಎಲುಬು ಇನ್ನಷ್ಟು ಸೊರಗುತ್ತದೆ. ತೂತಿನ ಲೋಹ ಅಷ್ಟು ಬಿರುಸಲ್ಲ.

ಎಲ್ಲ ಸರಿ, ಆದರೆ ಬೆಸೆಯಲು ಎಲುಬಿಗೆ ಸ್ಥಿರವಾದ ಜಾಗ ಬೇಕು. ಲೋಹಕ್ಕೂ ಎಲುಬಿಗೂ ನಡುವಿನ ಅಲುಗಾಟ ಸುಮಾರು 150 ಮೈಕ್ರೋಮೀಟರ್ ದಾಟಿದರೆ ಅಲ್ಲಿ ಎಲುಬಿನ ಬದಲು ನಾರಿನಂಥ ಪದರ ಬೆಳೆಯುತ್ತದೆ. ಅದು ಎರಡು ಕೂದಲೆಳೆಯಷ್ಟು ದಪ್ಪ. ಅಷ್ಟರಲ್ಲೇ ಆಟ ಮುಗಿಯುತ್ತದೆ. ಮೊದಲ ದಿನದ ಹಿಡಿತ ಬರೀ ಕಚ್ಚಿನದ್ದು. ವಾರಗಳು ಕಳೆದಂತೆ ಆ ಕಚ್ಚು ಸಡಿಲಾಗುತ್ತ ಹೋಗುತ್ತದೆ, ಹೊಸ ಎಲುಬಿನ ಹಿಡಿತ ನಿಧಾನಕ್ಕೆ ಏರುತ್ತದೆ. ನಡುವೆ ಒಂದು ತಗ್ಗು. ವಯಸ್ಸಿನ ಹುಡುಗರಲ್ಲಿ ತಗ್ಗು ಸಣ್ಣದು, ದಾಟಿಬಿಡುತ್ತಾರೆ. ಅತ್ತೆಯಂಥವರಲ್ಲಿ ಆ ತಗ್ಗು ಆಳವೂ ಹೌದು, ಅಗಲವೂ ಹೌದು. ಲೇಪನ ಎಷ್ಟೇ ದುಬಾರಿ ಇರಲಿ, ಎಲುಬು ಕಟ್ಟುವ ಜೀವಕೋಶವೇ ಸುಸ್ತಾಗಿದ್ದರೆ ಅದು ಏನು ಮಾಡೀತು?

ಇಲ್ಲಿಗೆ ಬಂದರೆ ಔಷಧಿಯ ಮಾತು ಬರಲೇಬೇಕು. ನನಗೆ ಸಿಟ್ಟು ಬರುವುದೂ ಇಲ್ಲೇ. ಅತ್ತೆಯ ಮೊದಲ ಡಿಸ್ಚಾರ್ಜ್ ಕಾರ್ಡ್ ನನ್ನ ಬಳಿ ಇದೆ. ಅದರಲ್ಲಿ ಆಂಟಿಬಯೋಟಿಕ್, ನೋವಿನ ಗುಳಿಗೆ, ಗ್ಯಾಸಿನ ಗುಳಿಗೆ, ಒಂದು ತಿಂಗಳ ಕ್ಯಾಲ್ಸಿಯಂ. ಆಸ್ಟಿಯೋಪೊರೋಸಿಸ್ ಅನ್ನುವ ಪದವೇ ಇಲ್ಲ. ಮುರಿದ ಎಲುಬಿಗೆ ಮಾತ್ರ ಚಿಕಿತ್ಸೆ ಆಯಿತು, ಮುರಿಯುವ ಎಲುಬಿಗೆ ಆಗಲಿಲ್ಲ.

ಜೊಲೆಡ್ರೋನಿಕ್ ಆಸಿಡ್ ಅನ್ನುವ ಔಷಧಿ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವಂಥದ್ದು, 5 ಮಿಲಿಗ್ರಾಂ. ಎಲುಬು ಕೆರೆಯುವ ಕೋಶಗಳ ಕೈ ಕಟ್ಟಿಹಾಕುತ್ತದೆ. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಟೊಂಕದ ಆಪರೇಷನ್ ಆಗಿ 90 ದಿನದೊಳಗೆ ಇದನ್ನು ಕೊಟ್ಟವರಲ್ಲಿ ಹೊಸ ಮುರಿತ 35% ಕಡಿಮೆಯಾಯಿತು, ಸಾವು 28% ಕಡಿಮೆಯಾಯಿತು. ಮುರಿದದ್ದು ಕೂಡಲು ತಡವಾಗುತ್ತದೆ ಅನ್ನುವ ಹಳೆ ಹೆದರಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ಟೆರಿಪ್ಯಾರಟೈಡ್ ಇನ್ನೊಂದು ದಾರಿ. ದಿನಾ 20 ಮೈಕ್ರೋಗ್ರಾಂ ಚುಚ್ಚಿಕೊಳ್ಳಬೇಕು. ಇದು ಕಟ್ಟುವ ಕೋಶಗಳನ್ನೇ ಎಬ್ಬಿಸುತ್ತದೆ. ಬೆನ್ನೆಲುಬಿಗೆ ಸ್ಕ್ರೂ ಹಾಕಿಸಿಕೊಂಡ ವಯಸ್ಸಾದ ಹೆಂಗಸರಲ್ಲಿ ಇದರಿಂದ ಸ್ಕ್ರೂ ಸಡಿಲಾಗುವುದು ಕಡಿಮೆಯಾಗಿದ್ದನ್ನು ಜಪಾನಿನ ಡಾಕ್ಟರುಗಳು ಕಂಡಿದ್ದಾರೆ. ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ. ಇದನ್ನು ನಡುವೆ ಬಿಟ್ಟರೆ ಎಲುಬು ಧಡಧಡ ಇಳಿದು ಬೆನ್ನೆಲುಬು ಮುರಿಯಬಹುದು. ಊರಿಂದ ಊರಿಗೆ ದುಡಿಯಲು ಹೋಗುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಯಾವುದೂ ಅಪಾಯ ಇಲ್ಲದ್ದಲ್ಲ. ಜೊಲೆಡ್ರೋನಿಕ್ ಕೊಡುವ ಮೊದಲು ಕಿಡ್ನಿ ನೋಡಬೇಕು, ವಿಟಮಿನ್ ಡಿ ತುಂಬಿಸಬೇಕು. ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ. 44 ಡಿಗ್ರಿ ಬಿಸಿಲಿನ ಊರಲ್ಲಿ ವಿಟಮಿನ್ ಡಿ ಕೊರತೆಯೇ ಅಂತ ನಗಬೇಡಿ. ಆ ಬಿಸಿಲಿಗೆ ಹೆದರಿಯೇ ಮುದುಕರು ಒಳಗೆ ಕೂತಿರುತ್ತಾರೆ.

ನಮ್ಮ ಭಾಗಕ್ಕೆ ಎರಡು ವಿಶೇಷ ತೊಡಕುಗಳಿವೆ. ಹೊರಗಿನ ಪುಸ್ತಕ ಓದಿದರೆ ಇವು ಅಷ್ಟಾಗಿ ಕಾಣುವುದಿಲ್ಲ. ಒಂದು, ನೀರು. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನಮ್ಮ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಎಲುಬಿನ ಸಾಂದ್ರತೆಯನ್ನು ಏರಿಸುತ್ತದೆ, ಆದರೆ ಎಲುಬು ಸೀಮೆಸುಣ್ಣದ ಹಾಗೆ ಪೆಡಸಾಗುತ್ತದೆ. ಅಮೆರಿಕದಲ್ಲಿ ಇದನ್ನೇ ಔಷಧಿಯಾಗಿ ಕೊಟ್ಟು ನೋಡಿದ್ದರು. 1990ರಲ್ಲಿ ಬಂದ ಫಲಿತಾಂಶದಲ್ಲಿ ಸೊಂಟದ ಬೆನ್ನೆಲುಬಿನ ಸಾಂದ್ರತೆ 35% ಏರಿತ್ತು. ಬೆನ್ನೆಲುಬು ಬಿಟ್ಟು ಬೇರೆ ಕಡೆ ಮುರಿತಗಳು ಮಾತ್ರ ಜಾಸ್ತಿಯಾಗಿದ್ದವು! ಹಾಗಾಗಿ ಇಂಥ ಹಳ್ಳಿಯಿಂದ ಬಂದವರ ಡೆಕ್ಸಾ ರಿಪೋರ್ಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಸ್ಕ್ರೂ ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ಯಾವ ಊರು, ಯಾವ ನೀರು ಅಂತ ಕೇಳುವುದು ಇಲ್ಲಿ ವೈದ್ಯಕೀಯ ಪ್ರಶ್ನೆಯೇ.

ಎರಡನೆಯದು ಹೇಳಲು ಕಷ್ಟ. ಕಲಬುರಗಿಯ ತಾಂಡಾಗಳಲ್ಲಿ ಮೂವತ್ತು ಮೂವತ್ತೈದರ ಹೆಂಗಸರಿಗೆ ಬೇಡದ ಗರ್ಭಕೋಶದ ಆಪರೇಷನ್ ಮಾಡಿದ ವಿಚಾರ 2015ರಲ್ಲಿ ರಾಜ್ಯದ ಸುದ್ದಿಯಾಗಿತ್ತು. ಅಂಡಾಶಯವನ್ನೂ ತೆಗೆದಿದ್ದರೆ ಎಲುಬು ಕಾಯುವ ಈಸ್ಟ್ರೋಜನ್ ಹಾರ್ಮೋನ್ ಧಡಕ್ಕನೆ ಇಳಿಯುತ್ತದೆ. ಉಳಿಸಿದ್ದರೂ ಕೆಲವರಲ್ಲಿ ಅಂಡಾಶಯ ಬೇಗ ಸೋಲುತ್ತದೆ. ಎಲುಬು ಸವೆಯುವ ಗಡಿಯಾರ ಹತ್ತು ಹದಿನೈದು ವರ್ಷ ಮೊದಲೇ ಶುರು. ಆಗ ಮೂವತ್ತೈದು ಇದ್ದವರು ಈಗ ನಲವತ್ತೈದು ದಾಟಿದ್ದಾರೆ. ಅರವತ್ತಕ್ಕೆ ಬರಬೇಕಾದ ಮುರಿತ ಇವರಿಗೆ ಐವತ್ತಕ್ಕೇ ಬಂದರೆ, ಆ ಎಲುಬಿನಲ್ಲಿ ಹಿಡಿಯುವ ಸ್ಕ್ರೂ ಹುಡುಕುವುದು ನಮ್ಮ ಜಿಲ್ಲೆಯ ಎಲುಬಿನ ಡಾಕ್ಟರುಗಳ ಕೆಲಸ. ಅದಕ್ಕಿಂತ ಮೊದಲೇ ಆ ಹೆಂಗಸರನ್ನು ಹುಡುಕಿ ಎಲುಬು ನೋಡುವುದು ಯಾರ ಕೆಲಸ ಅಂತ ಎಲ್ಲೂ ಬರೆದಿಲ್ಲ.

ಆಸ್ಪತ್ರೆ ನಮಗೆ ಇಲ್ಲವೆಂದಲ್ಲ. ಕಲಬುರಗಿಯಲ್ಲಿ ಜಿಮ್ಸ್, ಇಎಸ್‌ಐ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಈಗ ಯಿಮ್ಸ್. ಬೇಕಾದದ್ದು ಮುರಿದು ಬಂದವರ ಬೆನ್ನು ಹತ್ತುವ ಒಬ್ಬ ವ್ಯಕ್ತಿ. ಬೇರೆ ದೇಶಗಳಲ್ಲಿ ಇದಕ್ಕೆಂದೇ ನರ್ಸ್ ಇರುತ್ತಾರೆ. ಆಪರೇಷನ್ ಆದವರ ಪಟ್ಟಿ ಇಟ್ಟುಕೊಂಡು ಎಲುಬಿನ ಔಷಧಿ ಶುರುವಾಯಿತಾ, ಎರಡನೇ ಡೋಸ್ ಆಯಿತಾ ಅಂತ ಫೋನ್ ಮಾಡುತ್ತಾರೆ. ಇಲ್ಲಿ ಎಲುಬಿನ ಡಾಕ್ಟರ್ ಇದು ಫಿಸಿಶಿಯನ್ ಕೆಲಸ ಅಂದುಕೊಳ್ಳುತ್ತಾರೆ, ಫಿಸಿಶಿಯನ್ ಅದು ಎಲುಬಿನವರ ಕೆಲಸ ಅಂತ. ಒಂದು ನೋಟ್‌ಬುಕ್, ಒಂದು ಮೊಬೈಲ್, ಒಬ್ಬ ನರ್ಸ್. ಯಾವ ಹೊಸ ರಾಡಿಗಿಂತಲೂ ಇದು ಅಗ್ಗ ಅಂತ ನನ್ನ ಲೆಕ್ಕ.

ಅತ್ತೆಗೆ ಎರಡನೇ ಆಪರೇಷನ್‌ನಲ್ಲಿ ರಾಡ್ ತೆಗೆದು ಸಿಮೆಂಟಿನ ಕೀಲು ಕೂರಿಸಿದರು. ಕಿಡ್ನಿ ಪರೀಕ್ಷೆ ಆಯಿತು, ವಿಟಮಿನ್ ಡಿ ಆಯಿತು, ಆರನೇ ವಾರಕ್ಕೆ ಡ್ರಿಪ್ ಆಯಿತು. ಆವತ್ತು ರಾತ್ರಿ ಜ್ವರ, ಮೈಕೈ ನೋವು. "ನೀವು ಬರೋಬ್ಬರಿ ಮಾಡಾಕ ಹೋಗಿ ಮತ್ತೊಂದು ರೋಗ ಹಚ್ಚೀರಿ," ಅಂತ ಬೈದರು. ಮೊದಲ ಡೋಸಿಗೆ ಹೀಗಾಗುವುದು ಸಾಮಾನ್ಯ, ಎರಡು ಮೂರು ದಿನದಲ್ಲಿ ಇಳಿಯುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಇಳಿಯಿತು.

ಅಷ್ಟರಲ್ಲಿ ದೊಡ್ಡ ಮಗ ಗೌಂಡಿಯನ್ನು ಕರೆಸಿ ಬಚ್ಚಲಿನ ಶಹಾಬಾದ್ ಕಲ್ಲಿಗೆ ಉಳಿ ಹೊಡೆಸಿ ಒರಟು ಮಾಡಿಸಿದ್ದ. ಗೋಡೆಗೆ ಹಿಡಿಕೆಯೂ ಬಂತು. ಹಿಡಿಕೆಯ ಸ್ಕ್ರೂ ಮೊದಲ ಸಲ ನಿಲ್ಲಲಿಲ್ಲ, ಹಳೆ ಮಣ್ಣಿನ ಗೋಡೆ ಉದುರಿತು. ಗೌಂಡಿ ತೂತು ದೊಡ್ಡದು ಮಾಡಿ, ಸಿಮೆಂಟ್ ತುಂಬಿ, ಒಂದು ದಿನ ಬಿಟ್ಟು ಸ್ಕ್ರೂ ಬಿಗಿದ.